ಗೋಡೆಯಾಚೆಯ ನಾಲ್ಕನೇ ಪರದೆ

ಪ್ರಿಸ್ಕಾ ನಬಲಾಯೋ ಇಪ್ಪತ್ತಾರು ವರ್ಷಗಳಲ್ಲಿ ಎಷ್ಟು ಮಕ್ಕಳ ಮೂಗು ಒರೆಸಿದ್ದಾಳೋ ಅವಳಿಗೇ ಗೊತ್ತಿಲ್ಲ. ಅದರಲ್ಲಿ ಒಂದು ಮೂಗು ಅವಳ ಅಳಿಯನದು. ಅವಳು ನಮ್ಮ ಶಿಶುವಿಹಾರಕ್ಕೆ ಟೀಚರಾಗಿ ಬಂದ ಮೊದಲ ವರ್ಷವೇ ನಾಲ್ಕು ವರ್ಷದ ಸಿತುಮಾನನ್ನು ಅವನಮ್ಮ ತಂದು ಕೂರಿಸಿ ಹೋಗಿದ್ದಳು. ಅವನಿಗೆ ಪೆನ್ಸಿಲ್ ಹಿಡಿಯಲು ಕಲಿಸಿದವಳು ಪ್ರಿಸ್ಕಾ, ಚಡ್ಡಿ ಒದ್ದೆಯಾದಾಗ ಬದಲಾಯಿಸಿದವಳೂ ಪ್ರಿಸ್ಕಾ. ಆ ಹುಡುಗ ಬೆಳೆದು ದೊಡ್ಡವನಾಗಿ ಅವಳ ಮಗಳು ಎಡಿನಾಳನ್ನೇ ಮದುವೆಯಾದ. ವಧುದಕ್ಷಿಣೆಯ ಹಸುಗಳು ಪ್ರಿಸ್ಕಾಳ ಅಂಗಳಕ್ಕೆ ಬಂದು ನಿಂತ ದಿನದಿಂದ ಹತ್ತು ವರ್ಷ ಅವಳು ಅವನ ಮುಖ ನೋಡಲಿಲ್ಲ.

ಎಲ್ಗಾನ್ ಬೆಟ್ಟದ ತಪ್ಪಲಿನ ನಮ್ಮ ಕುಲದಲ್ಲಿ ಅತ್ತೆ ಅಳಿಯ ಎದುರುಬದುರಾಗಬಾರದು. ಒಂದೇ ಕೋಣೆಯಲ್ಲಿ ಕೂರಬಾರದು, ಕೈ ಕುಲುಕಬಾರದು, ಮಾತಾಡಬಾರದು, ಹೆಸರು ಹಿಡಿದು ಕರೆಯಬಾರದು. ದಾರಿಯಲ್ಲಿ ಸಿಕ್ಕರೆ ಒಬ್ಬರು ಪಕ್ಕದ ಕಬ್ಬಿನ ಗದ್ದೆಗೆ ಇಳಿದು ಮರೆಯಾಗಬೇಕು. ಈಗಿನವರು ಅರ್ಧಂಬರ್ಧ ಪಾಲಿಸುತ್ತಾರೆ, ಪೇಟೆಯಲ್ಲಿರುವವರು ಅದನ್ನೂ ಬಿಟ್ಟಿದ್ದಾರೆ. ಪ್ರಿಸ್ಕಾ ಮಾತ್ರ ಒಂದಿಷ್ಟೂ ಸಡಿಲ ಬಿಟ್ಟವಳಲ್ಲ. ಒಂದು ಸಲ ಶಾಲೆಯಿಂದ ಬರುವಾಗ ಅವಳು ನನ್ನ ಪಕ್ಕದಿಂದ ತಟ್ಟನೆ ಮಾಯವಾದಳು. ನೋಡಿದರೆ ಕಬ್ಬಿನೊಳಗೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಹೊಸ ಲಂಗದ ತುಂಬ ಕೆಸರು.

"ಅವನಿನ್ನೂ ಆ ಸೇತುವೆ ಹತ್ರ ಇದಾನೆ ಕಣೇ! ಅಷ್ಟು ದೂರದಿಂದ ನಿನ್ನ ಗುರುತೂ ಸಿಕ್ಕಿರಲ್ಲ," ಅಂದೆ.

"ದೂರ ಇದ್ದಾಗ್ಲೇ ಇಳೀಬೇಕು. ಹತ್ರ ಬಂದ್ಮೇಲೆ ಇಳಿದ್ರೆ ಅದು ಗೌರವ ಅಲ್ಲ, ಗಾಬರಿ," ಅಂದಳು ಕಬ್ಬಿನೊಳಗಿಂದಲೇ.

ನಾನು ತೆಕ್ಲಾ. ಅವಳ ಪಕ್ಕದ ತರಗತಿಯ ಟೀಚರು, ನಮ್ಮಿಬ್ಬರ ತರಗತಿಗಳ ನಡುವೆ ಇರುವುದು ಒಂದು ಬಿದಿರು ತಟ್ಟಿ. ನನಗೆ ಬೇಗ ಸಿಟ್ಟು ಬರುತ್ತದೆ, ಅವಳಿಗೆ ಬರುವುದೇ ಇಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡು ಬಂದಿದ್ದೇನೆ.

ಆ ವರ್ಷ ಮಾರ್ಚಿನಲ್ಲಿ ಒಂದು ಸುತ್ತೋಲೆ ಬಂತು. ಡಿಪ್ಲೊಮಾ ಇಲ್ಲದ ಶಿಶುವಿಹಾರದ ಟೀಚರುಗಳಿಗೆ ಬರುವ ಜನವರಿಯಿಂದ ಕೆಲಸವಿಲ್ಲ. ನನ್ನದು ಹೇಗೋ ಹಿಂದಿನ ವರ್ಷವೇ ಮುಗಿದಿತ್ತು. ಪ್ರಿಸ್ಕಾ ರಜೆಗಳಲ್ಲಿ ಕಾಲೇಜಿಗೆ ಹೋಗಿ ಪಾಠಗಳನ್ನೇನೋ ಮುಗಿಸಿದ್ದಳು, ಕೊನೆಯ ವರದಿಯೊಂದು ಬಾಕಿ ಉಳಿದಿತ್ತು. ಮೂವತ್ತು ಪುಟ. ಕೈಬರಹ ನಡೆಯುವುದಿಲ್ಲ, ಕಂಪ್ಯೂಟರಿನಲ್ಲಿ ಬರೆದು ನವೆಂಬರ್ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕು. ಅವಳಿಗೆ ಆಗ ಐವತ್ತೊಂದು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಸಂಬಳ ಹೋದರೆ ಕಷ್ಟ ಅಂತ ನಾನು ಲೆಕ್ಕ ಹಾಕುತ್ತಿದ್ದರೆ ಅವಳ ಯೋಚನೆಯೇ ಬೇರೆ.

"ಬೆಳಗ್ಗೆ ಎದ್ದು ಮಕ್ಕಳ ಗಲಾಟೆ ಇಲ್ದೆ ನಾನೇನ್ ಮಾಡ್ಲಿ ತೆಕ್ಲಾ? ಕೋಳಿಗಳಿಗೆ ಅಕ್ಷರ ಹೇಳ್ಕೊಡ್ಲಾ?"

ನಮ್ಮ ಸಂತೆಪೇಟೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಚರ್ಚಿನ ಪಕ್ಕದ ವಾಚನಾಲಯದಲ್ಲಿ. ಒಂದು ಅಂದರೆ ಪೆಟ್ಟಿಗೆ ಒಂದು, ಅದಕ್ಕೆ ನಾಲ್ಕು ಪರದೆ, ನಾಲ್ಕು ಕೀಲಿಮಣೆ. ನಾಲ್ವರು ಒಟ್ಟಿಗೆ ಕೂತು ಬೇರೆ ಬೇರೆ ಕೆಲಸ ಮಾಡಬಹುದಿತ್ತು. ಒಬ್ಬಳು ಅರ್ಜಿ ಬರೆಯುತ್ತಿದ್ದರೆ ಇನ್ನೊಬ್ಬ ಫುಟ್‌ಬಾಲ್ ಸುದ್ದಿ ನೋಡುತ್ತಿದ್ದ, ಒಬ್ಬರದು ಒಬ್ಬರಿಗೆ ಅಡ್ಡವಾಗುತ್ತಿರಲಿಲ್ಲ. ಚಾವಣಿಯ ಮೇಲಿನ ಸೋಲಾರ್ ಹಲಗೆ ತುಂಬಿಕೊಡುವ ಬ್ಯಾಟರಿಗೆ ನಾಲ್ಕು ಪೆಟ್ಟಿಗೆ ಸಾಕುವ ತಾಕತ್ತಿರಲಿಲ್ಲ, ಒಂದನ್ನು ಸಾಕುತ್ತಿತ್ತು. ಅದೂ ಸಂಜೆ ಐದರವರೆಗೆ. ಜಿಲ್ಲಾ ಪಟ್ಟಣದಲ್ಲಿ ಬೇಕಾದಷ್ಟು ಕಂಪ್ಯೂಟರ್ ಅಂಗಡಿಗಳಿದ್ದವು. ಆದರೆ ಮಧ್ಯಾಹ್ನ ಮಕ್ಕಳನ್ನು ಕಳಿಸಿ, ಎರಡು ಗಂಟೆ ಪ್ರಯಾಣ ಮಾಡಿ, ಟೈಪು ಮಾಡಿ, ದಿನಾ ವಾಪಸು ಬರುವುದು ಆಗುವ ಮಾತಲ್ಲ.

ತೊಂದರೆ ಇದ್ದದ್ದು ವಾಚನಾಲಯದಲ್ಲಿ. ಆ ಪೆಟ್ಟಿಗೆಯನ್ನು ಜೋಡಿಸಿದವನು, ಕಾಯುವವನು, ಬೆಳಗ್ಗೆ ಹಾಕಿ ಸಂಜೆ ಆರಿಸುವವನು ಸಿತುಮಾ. ಬೇರೆ ಯಾರಿಗೂ ಅದರ ತಲೆಬುಡ ಗೊತ್ತಿರಲಿಲ್ಲ. ಮಧ್ಯೆ ನಿಂತು ಸಂಭಾಳಿಸಬೇಕಾದ ಎಡಿನಾ ಆಗ ಬಾಣಂತಿ.

ಕೊನೆಗೆ ಹಿರಿಯ ಮಯೆಕು ಅವರ ಹತ್ತಿರ ಹೋದೆವು. ನಮ್ಮ ಕುಲದಲ್ಲಿ ಯಾವುದು ಸರಿ, ಯಾವುದು ಅಲ್ಲ ಅನ್ನುವುದಕ್ಕೆ ಅವರ ಮಾತೇ ಕೊನೆ. ಮುದುಕರು ಕುರ್ಚಿಯಲ್ಲಿ ಒರಗಿ ಎಲ್ಲ ಕೇಳಿಸಿಕೊಂಡರು.

"ಪೆಟ್ಟಿಗೆ ಒಂದೇನಾ?"

"ಒಂದೇ, ಅಜ್ಜ," ಅಂದೆ.

"ಹಂಗಾದ್ರೆ ಒಂದೇ ಪಾತ್ರೇಲಿ ಕೈಯಿಟ್ಟ ಹಂಗೆ. ಆಗಲ್ಲ."

ನನಗೆ ರೇಗಿತು. "ಒಂದ್ಸಲ ಬಂದು ಕಣ್ಣಲ್ಲಿ ನೋಡಿ ಅಜ್ಜ. ನೋಡ್ದೆ ಆಗಲ್ಲ ಅನ್ನೋಕೆ ನಿಮಗೂ ಆ ಸುತ್ತೋಲೆ ಬರೆದೋರಿಗೂ ಏನ್ ವ್ಯತ್ಯಾಸ?"

ಪ್ರಿಸ್ಕಾ ನನ್ನ ತೊಡೆ ಚಿವುಟಿದಳು. ಮುದುಕರು ನಕ್ಕುಬಿಟ್ಟರು. ಮರುದಿನ ಬಾಡಿಗೆಯ ಬೋಡಾ ಬೈಕಿನ ಹಿಂದೆ ಕೂತು ವಾಚನಾಲಯಕ್ಕೆ ಬಂದೇಬಿಟ್ಟರು. ಕೋಲಿನ ತುದಿಯಿಂದ ವೈರುಗಳನ್ನು ಒಂದೊಂದಾಗಿ ಹಿಂಬಾಲಿಸಿ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರು. ಕೀಲಿಮಣೆಗಳನ್ನು ಎಣಿಸಿದರು. ಸಿತುಮಾ ಕೈಕಟ್ಟಿ ನಿಂತಿದ್ದ.

"ಪಾತ್ರೆ ಒಂದು, ತಟ್ಟೆ ಬೇರೆ ಬೇರೆ," ಅಂದರು ಕೊನೆಗೆ. "ಮಗಳ ಮನೇಲಿ ಬೇಯಿಸಿದ್ದನ್ನ ಅತ್ತೆ ಮನೆಗೆ ಕಳಿಸಲ್ವಾ? ಅವಳು ತನ್ನ ಗೋಡೆಯೊಳಗೆ ಕೂತು ತಿನ್ನಲ್ವಾ? ತಪ್ಪೇನಿದೆ. ಆದ್ರೆ ಗೋಡೆ ಬೇಕು ಕಣಯ್ಯ, ಗೋಡೆ."

ಗೋಡೆ ಇತ್ತು. ವಾಚನಾಲಯಕ್ಕೆ ಅಂಟಿಕೊಂಡು ಹಳೆಯ ಪತ್ರಿಕೆ, ಚರ್ಚಿನ ಜೋಳದ ಮೂಟೆ ಇಡುವ ಉಗ್ರಾಣವಿತ್ತು, ಅದಕ್ಕೆ ಹಿತ್ತಿಲ ಕಡೆಯಿಂದ ಬೇರೆ ಬಾಗಿಲೂ ಇತ್ತು. ಸಿತುಮಾ ಅವತ್ತೇ ಗೋಡೆಗೆ ಮುಷ್ಟಿಯಷ್ಟು ತೂತು ಕೊರೆದು ನಾಲ್ಕನೇ ಪರದೆ, ಕೀಲಿಮಣೆಗಳ ವೈರನ್ನು ಆಚೆಗೆ ದಾಟಿಸಿದ. ಉಳಿದ ಸಂದಿಗೆ ಮಣ್ಣು ಮೆತ್ತಿದ. ಮಯೆಕು ಒಂದು ಹುಂಜ ಕೊಂಡೊಯ್ದರು. ತೀರ್ಪಿಗೆ ಹುಂಜ ಕೇಳುವುದು ವಾಡಿಕೆ, ಅವರು ಕೇಳಿದ್ದು ಮಾತ್ರ ನನ್ನ ಹುಂಜವನ್ನು.

ಹೀಗೆ ಪ್ರಿಸ್ಕಾ ಟೈಪು ಮಾಡಲು ಕೂತಳು. ಮೊದಲ ವಾರ ಒಂದೊಂದು ಅಕ್ಷರವನ್ನೂ ಜೋಳದಲ್ಲಿ ಕಲ್ಲು ಆರಿಸುವಂತೆ ಹುಡುಕಿ ಹುಡುಕಿ ಒತ್ತುತ್ತಿದ್ದಳು. ಮೂರನೇ ವಾರಕ್ಕೆ ಹತ್ತೂ ಬೆರಳು ಇಳಿದವು. ಮೊದಲರ್ಧ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದನ್ನು ನೋಡಿ ಟೈಪು ಮಾಡಿದಳು. ಆಮೇಲೆ ಹುಮ್ಮಸ್ಸು ಬಂದು ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟು ನೇರವಾಗಿ ಪರದೆಯ ಮೇಲೇ ಬರೆಯತೊಡಗಿದಳು. ಅವಳ ಬರಹವೆಲ್ಲ ಇದ್ದದ್ದು ಪೆನ್‌ಡ್ರೈವ್ ಅನ್ನುವ ಬೆರಳುದ್ದದ ಒಂದು ಮೆಮೊರಿ ಕಡ್ಡಿಯಲ್ಲಿ, ಅದನ್ನು ಸಿಕ್ಕಿಸಿದ್ದು ಸಿತುಮಾನ ಮೇಜಿನ ಮೇಲಿದ್ದ ಆ ಪೆಟ್ಟಿಗೆಗೆ.

ನಾನು ನಡುವಿನ ಅಂಚೆಯವಳು. ಅವಳಿಗೆ ಏನಾದರೂ ತಿಳಿಯದಿದ್ದರೆ ನನಗೆ ಹೇಳುವಳು, ನಾನು ಸುತ್ತಿ ಬಂದು ಅವನಿಗೆ ಹೇಳುವೆ, ಅವನ ಉತ್ತರ ಹಿಡಿದು ಮತ್ತೆ ಸುತ್ತಿ ಹೋಗುವೆ. ಗೋಡೆಯ ಆಚೆ ಈಚೆ ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು ಅನ್ನುವುದು ಬೇರೆ ಮಾತು. ನಾನು ಬಾಗಿಲು ದಾಟುವುದರೊಳಗೆ ಅವನು ಉತ್ತರ ಹುಡುಕಿ ಇಟ್ಟಿರುತ್ತಿದ್ದ, ಆದರೂ ನಾನು ಬಂದು ಪ್ರಶ್ನೆ ಕೇಳುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಅವನ ಪರದೆಯ ಒಂದು ಮೂಲೆಯಲ್ಲಿ ನಾಲ್ಕೂ ಆಸನಗಳಲ್ಲಿ ಯಾರು ಕೂತಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಕಾಣುತ್ತಿತ್ತು. ನಾಲ್ಕನೆಯದರ ಮೇಲೆ ಅವನು ಕಾಗದದ ಚೂರು ಅಂಟಿಸಿದ್ದ.

"ಅದ್ಯಾಕಪ್ಪಾ?" ಅಂತ ಕೇಳಿದೆ.

"ಅವರು ಬರೀತಿರೋದನ್ನ ನಾನು ಕದ್ದು ನೋಡಿದ ಹಾಗಾಗುತ್ತೆ, ತೆಕ್ಲಮ್ಮ. ಮುಖ ನೋಡಬಾರ್ದು ಅಂದ್ಮೇಲೆ ಇದನ್ನೂ ನೋಡಬಾರ್ದು."

ಆಚೆ ಇವಳದು ಇನ್ನೊಂದು ಬಗೆ. ಕೆಮ್ಮು ಬಂದರೆ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಕೀಲಿಗಳನ್ನು ಸದ್ದಾಗದಂತೆ ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಇಬ್ಬರ ಗೌರವವನ್ನೂ ನೋಡಿ ನನಗೆ ನಗು ಬರುತ್ತಿತ್ತು. ನಗಬಾರದಿತ್ತು ಅಂತ ಆಮೇಲೆ ಗೊತ್ತಾಯಿತು.

ಕೊನೆಯ ವಾರ. ಬುಧವಾರ ಮಧ್ಯಾಹ್ನ ನನ್ನ ದವಡೆ ಹಲ್ಲು ಜೀವ ಹಿಂಡುತ್ತಿತ್ತು. ಮೂರು ಗಂಟೆಗೆ ಪ್ರಿಸ್ಕಾಗೆ ಹೇಳಿ ಎದ್ದೆ. ಮುಂದಿನ ಬಾಗಿಲಲ್ಲಿ ಇಣುಕಿ "ಹೋಗಿಬರ್ತೀನಪ್ಪಾ" ಅಂತ ಸಿತುಮಾಗೂ ಹೇಳಿ ಔಷಧಾಲಯಕ್ಕೆ ಹೋದೆ. ದಿನಾ ನಾವಿಬ್ಬರೂ ಒಟ್ಟಿಗೇ ಹೋಗುವುದು. ಅವಳು ಉಳಿದಿದ್ದಾಳೆ ಎಂದು ನಾನು ಹೇಳಲಿಲ್ಲ. ಒಂದೇ ಒಂದು ಮಾತು, ಹಲ್ಲುನೋವಿನಲ್ಲಿ ಹೊಳೆಯಲೇ ಇಲ್ಲ. ಇವತ್ತಿಗೂ ನೆನಪಾದರೆ ನನ್ನ ಬಗ್ಗೆ ನನಗೇ ನಾಚಿಕೆ.

ಅವತ್ತು ಎಲ್ಗಾನ್ ಬೆಟ್ಟದ ಕಡೆಯಿಂದ ಮೋಡ ಕವಿದು ಬಿಸಿಲೇ ಇರಲಿಲ್ಲ. ನಾಲ್ಕೂವರೆಗೇ ಬ್ಯಾಟರಿ ಕೀ ಕೀ ಅನ್ನಲು ಶುರುಮಾಡಿತು. ವಾಚನಾಲಯದಲ್ಲಿ ಯಾರೂ ಇರಲಿಲ್ಲ. ಗೋಡೆಯಾಚೆ ಸದ್ದಿಲ್ಲ, ಪರದೆಯ ಮೂಲೆಯ ಮೇಲೆ ಕಾಗದದ ಚೂರು. ಬ್ಯಾಟರಿ ಪೂರ್ತಿ ಬರಿದಾದರೆ ಹಾಳಾಗುತ್ತದೆ ಅಂತ ಸಿತುಮಾ ಗೋಡೆಯ ದೊಡ್ಡ ಸ್ವಿಚ್ಚನ್ನೇ ಆರಿಸಿಬಿಟ್ಟ. ಪೆಟ್ಟಿಗೆ ಒಂದೇ ಆದ್ದರಿಂದ ಅವನ ಪರದೆಯ ಜೊತೆ ಅವಳದೂ ಕಪ್ಪಾಯಿತು. ಆ ಹೊತ್ತಿಗೆ ಸರಿಯಾಗಿ ಅವಳ ಪುಟಗಳು ಕಡ್ಡಿಯೊಳಗೆ ಹೋಗುತ್ತಿದ್ದವು.

ಅವಳು ಕರೆಯಲಿಲ್ಲ. ಅವನು ಬೀಗ ಹಾಕಿ ಹೋಗುವವರೆಗೆ ಅಲ್ಲೇ ಕೂತಿದ್ದು ಆಮೇಲೆ ಮನೆಗೆ ನಡೆದಳು.

"ಒಂದ್ಸಲ ಕೆಮ್ಮೋಕೇನಾಗಿತ್ತೇ ನಿಂಗೆ!" ಗುರುವಾರ ಬೆಳಗ್ಗೆ ಶಾಲೆಯಲ್ಲಿ ವಿಷಯ ಕೇಳಿ ನಾನು ಕೂಗಾಡಿದೆ. ಮಕ್ಕಳೆಲ್ಲ ತಟ್ಟಿಯ ಸಂದಿಯಿಂದ ನೋಡುತ್ತಿದ್ದರು.

"ಕೆಮ್ಮಿದ್ರೆ ಪಾಪ ಅವನು ಗಾಬರಿ ಆಗ್ತಿದ್ದ. ಅತ್ತೆ ಇದ್ದಾಗ್ಲೇ ಆರಿಸಿದ್ನಲ್ಲಾ ಅಂತ."

"ಈಗ ಏನಾಗ್ತಾನೆ?"

ಅವಳು ಸೀಮೆಸುಣ್ಣ ಎತ್ತಿಕೊಂಡು ಮಕ್ಕಳ ಕಡೆಗೆ ತಿರುಗಿದಳು.

ಮಧ್ಯಾಹ್ನ ಹೋಗಿ ನೋಡಿದರೆ ಕಡ್ಡಿಯಲ್ಲಿದ್ದದ್ದೆಲ್ಲ ಕಲಸಿಹೋಗಿತ್ತು. ಸಿತುಮಾ ಏನೇನೋ ಮಾಡಿ ನೋಡಿದ, ಜಿಲ್ಲಾ ಪಟ್ಟಣದ ಗೆಳೆಯನಿಗೆ ಫೋನು ಮಾಡಿ ಕೇಳಿದ. ಒಂದು ಪುಟವೂ ತೆರೆಯಲಿಲ್ಲ. ಕೊನೆಗೆ ಆ ಕಾಗದದ ಚೂರನ್ನು ಕಿತ್ತು ಉಂಡೆ ಮಾಡಿ ನೆಲಕ್ಕೆ ಬಿಸಾಕಿ ಹಣೆ ಹಿಡಿದುಕೊಂಡು ಕೂತ. "ಇಪ್ಪತ್ತೆಂಟು ಪುಟ ತೆಕ್ಲಮ್ಮ. ನನ್ನ ಕೈಯಾರೆ," ಅಂದ.

ಉಳಿದದ್ದು ಶುಕ್ರವಾರ ಒಂದೇ ದಿನ. ಹೆಡ್‌ಮೇಷ್ಟ್ರು ನಮ್ಮಿಬ್ಬರ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ನಮ್ಮನ್ನು ಕಳಿಸಿಕೊಟ್ಟರು. ಎಂಟು ಗಂಟೆಗೆ ಪ್ರಿಸ್ಕಾ ಹಿತ್ತಿಲಿನಿಂದ ಉಗ್ರಾಣಕ್ಕೆ ಹೋದಳು, ನಾನೂ ಸಿತುಮಾನೂ ವಾಚನಾಲಯದಲ್ಲಿ ನಿಂತು ಲೆಕ್ಕ ಹಾಕಿದೆವು. ಮೊದಲರ್ಧ ನೋಟ್‌ಬುಕ್ಕಿನಲ್ಲಿದೆ, ಅದನ್ನು ನಾನು ಎರಡನೇ ಪರದೆಯಲ್ಲಿ ಹೊಡೆಯುವುದು. ಎರಡನೇ ಅರ್ಧ ಇರುವುದು ಪ್ರಿಸ್ಕಾಳ ತಲೆಯಲ್ಲಿ. ಅವಳ ವೇಗಕ್ಕೆ ಅಷ್ಟು ಪುಟ ಆ ದಿನ ಮುಗಿಯುವುದಿಲ್ಲ.

ಸಿತುಮಾ ದನಿ ತಗ್ಗಿಸಿದ. "ಅವರು ಬಾಯಲ್ಲಿ ಹೇಳ್ತಾ ಹೋದ್ರೆ ನಾನು ಹೊಡೀತೀನಿ. ಮಾತಾಡಿದಷ್ಟೇ ಬೇಗ ಹೊಡೀತೀನಿ. ಆದ್ರೆ ಅವರು ಮಾತಾಡ್ಬೇಕಲ್ಲ. ಕೇಳಿ ನೋಡಿ."

ನಾನು ಸುತ್ತಿ ಹೋಗಿ ಕೇಳಿದೆ. ಪ್ರಿಸ್ಕಾ ಜೋಳದ ಮೂಟೆಯ ಮೇಲೆ ಕೈಯೂರಿ ನಿಂತಳು. ಹತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಬೆಳಗ್ಗೆ ಬಿಡುವುದು ಅವಳಂಥವಳಿಗೆ ಹಗುರವಲ್ಲ. ಇಲ್ಲ ಅಂದುಬಿಡುತ್ತಾಳೆ, ಕೆಲಸ ಹೋಯಿತು ಅಂತಲೇ ನಾನು ತಿಳಿದೆ.

"ನಾನು ಗೋಡೆಗೆ ಹೇಳ್ತೀನಿ," ಅಂದಳು. "ಆಚೆ ಯಾರು ಕೇಳಿಸ್ಕೊಂಡ್ರೋ ನಂಗೆ ಗೊತ್ತಿಲ್ಲ."

ಕುರ್ಚಿಯನ್ನು ವೈರು ದಾಟಿ ಬಂದ ಜಾಗದ ಹತ್ತಿರ ಎಳೆದುಕೊಂಡು ಕೂತು ಹೇಳತೊಡಗಿದಳು. ಮೊದಲ ವಾಕ್ಯವನ್ನು ಪಿಸುಗುಟ್ಟಿದಳು. ಎರಡನೆಯದನ್ನು ಸ್ವಲ್ಪ ಜೋರಾಗಿ ಹೇಳಿದಳು. ಆಮೇಲೆ ಅದು ತರಗತಿಯ ದನಿಯಾಯಿತು, ತಟ್ಟಿಯಾಚೆಯಿಂದ ಇಪ್ಪತ್ತಾರು ವರ್ಷ ನಾನು ಕೇಳಿದ ದನಿ. ಬೆಣಚು ಕಲ್ಲಿನಲ್ಲಿ ಎಣಿಕೆ ಕಲಿಸುವುದು ಹೇಗೆ, ಹಸಿದು ಬಂದ ಮಗುವನ್ನು ಗುರುತಿಸುವುದು ಹೇಗೆ, ಮನೆಯಲ್ಲಿ ಪೆಟ್ಟು ತಿಂದು ಬಂದ ಮಗುವನ್ನು ಎಲ್ಲಿ ಕೂರಿಸಬೇಕು. ಈಚೆ ಸಿತುಮಾನ ಬೆರಳುಗಳು ತಡೆಯಿಲ್ಲದೆ ಓಡುತ್ತಿದ್ದವು. ಒಂದೆರಡು ಸಲ ಅವಳು ವೇಗವಾಗಿ ಹೋದಾಗ ಅವನು ಮೇಜನ್ನು ಎರಡು ಸಲ ತಟ್ಟಿದ, ಅವಳು ನಿಧಾನ ಮಾಡಿದಳು. ನಾನು ಎರಡೇ ಬೆರಳಲ್ಲಿ ನನ್ನ ಪಾಲಿನದನ್ನು ಕುಟ್ಟುತ್ತಾ, ತಪ್ಪಾದಾಗ ನನಗೆ ನಾನೇ ಬೈದುಕೊಳ್ಳುತ್ತಾ ಕೂತಿದ್ದೆ. ಮಧ್ಯಾಹ್ನ ಬೇಯಿಸಿದ ಗೆಣಸು ತಿಂದು, ಚಾ ಕುಡಿದು ಮತ್ತೆ ಕೂತೆವು. ಬಿಸಿಲು ಚೆನ್ನಾಗಿತ್ತು, ಬ್ಯಾಟರಿ ಸುಮ್ಮನಿತ್ತು.

ಮೂರು ಗಂಟೆಗೆ ಅವಳು ನಿಲ್ಲಿಸಿದಳು. "ಇನ್ನೊಂದು ಭಾಗ ಇದೆ ತೆಕ್ಲಾ," ಅಂತ ಗೋಡೆಯ ಮೂಲಕ ನನಗೆ ಹೇಳಿದಳು. "ಅದನ್ನ ನಾನೇ ಹೊಡ್ಕೋತೀನಿ. ಅದನ್ನ ಬಾಯಲ್ಲಿ ಹೇಳಕ್ಕಾಗಲ್ಲ."

ಅದು ವರದಿಯ ಕೊನೆಯ ಭಾಗ. ನೀವು ಹತ್ತಿರದಿಂದ ಗಮನಿಸಿದ ಒಂದು ಮಗುವಿನ ಬಗ್ಗೆ ಬರೆಯಿರಿ ಅಂತ ಕಾಲೇಜಿನವರು ಕೇಳಿದ್ದರು. ಅವಳು ಯಾವ ಮಗುವನ್ನು ಆರಿಸಿಕೊಂಡಿದ್ದಳು ಅಂತ ನನಗೂ ಹೇಳಿರಲಿಲ್ಲ. ಒಂದೂವರೆ ಗಂಟೆ ಗೋಡೆಯಾಚೆಯಿಂದ ಕೀಲಿಗಳ ಸದ್ದು ಬಂತು. ಆವತ್ತು ಅವಳು ಮೆಲ್ಲಗೆ ಒತ್ತಲಿಲ್ಲ.

ವರದಿ ಹೊತ್ತಿಗೆ ಸರಿಯಾಗಿ ತಲುಪಿತು, ಜನವರಿಯಲ್ಲಿ ಅವಳ ಕೆಲಸವೂ ಉಳಿಯಿತು ಅಂತ ಈಗಲೇ ಹೇಳಿಬಿಡುತ್ತೇನೆ. ನನಗೆ ಹೇಳಬೇಕೆನಿಸುವುದು ಕಳಿಸುವ ಮುಂಚಿನ ಸ್ವಲ್ಪ ಹೊತ್ತಿನ ಸಂಗತಿ.

ಮೂರು ಜನ ಬರೆದ ಮೂರು ತುಂಡುಗಳನ್ನು ಒಂದು ಮಾಡುವ ಕೆಲಸ ಸಿತುಮಾನದು. ನನ್ನ ಭಾಗ ಸೇರಿಸಿದ, ತನ್ನದು ಸೇರಿಸಿದ, ಅತ್ತೆಯದಕ್ಕೆ ಬಂದಾಗ ಕೈ ತಡೆದು ನನ್ನ ಮುಖ ನೋಡಿದ. "ಓದ್ದೆ ಸೇರ್ಸಕ್ಕಾಗಲ್ಲ ಕಣಪ್ಪ, ನೋಡು," ಅಂದೆ. ನಾನೂ ಅವನ ಹೆಗಲ ಹಿಂದೆ ನಿಂತು ಓದಿದೆ.

ಒಬ್ಬ ಹುಡುಗ ಶಿಶುವಿಹಾರಕ್ಕೆ ಬಂದ ದಿನವೇ ಟೀಚರ ಮೇಜಿನ ಕೆಳಗೆ ಸೇರಿಕೊಂಡ. ಹೊರಗೆ ಬರಲಿಲ್ಲ, ಬಾಯಿ ಬಿಡಲಿಲ್ಲ. ಮೂಗ ಇರಬೇಕು, ಮನೆಗೆ ಕಳಿಸಿಬಿಡಿ ಅಂದರು ಉಳಿದವರು. ಟೀಚರು ಹೊಸಬಳು, ಏನು ಮಾಡಬೇಕೆಂದು ಅವಳಿಗೂ ತಿಳಿಯದು. ಅವನನ್ನು ಎಳೆಯಲಿಲ್ಲ. ಅವನು ಕೆಳಗಿರುವಂತೆಯೇ ಮೇಲಿನಿಂದ ಪಾಠ ಮಾಡಿದಳು, ಸ್ಲೇಟು ಕೆಳಗೆ ಕೊಟ್ಟಳು, ಗಂಜಿ ಕೆಳಗೆ ಕೊಟ್ಟಳು. ಎರಡು ತಿಂಗಳು ಕಳೆಯಿತು. ಒಂದು ದಿನ ತರಗತಿಗೆ ಒಂದು ಪ್ರಶ್ನೆ ಕೇಳಿದಳು: ಕೋಳಿ ಹನ್ನೆರಡು ಮೊಟ್ಟೆ ಇಟ್ಟಿತು, ಮೂರು ಒಡೆದವು, ಉಳಿದದ್ದೆಷ್ಟು? ಯಾರೂ ಹೇಳಲಿಲ್ಲ. ಮೇಜಿನ ಕೆಳಗಿಂದ ಒಂದು ದನಿ 'ಒಂಬತ್ತು' ಅಂತು. ಸರಿ ಅಂದಳು ಟೀಚರು, ಎಲ್ಲರಿಂದ ಚಪ್ಪಾಳೆ ಹೊಡೆಸಿದಳು. ಮರುದಿನದಿಂದ ಹುಡುಗ ಮೇಲೆ ಕೂತ. ಆ ಮಗುವಿನಿಂದ ನಾನು ಟೀಚರಾದೆ, ಅಂತ ಕೊನೆಯ ಸಾಲು ಬರೆದಿದ್ದಳು.

ಹೆಸರು ಎಲ್ಲೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಸಿತುಮಾ ಓದಿ ಮುಗಿಸಿ ಮತ್ತೊಮ್ಮೆ ಮೇಲಿನಿಂದ ಓದಿದ. ಐದಕ್ಕೆ ಹನ್ನೆರಡು ನಿಮಿಷವಿತ್ತು. ನಾನು ಬಾಯಿ ತೆರೆಯುವುದರೊಳಗೆ ಅವನು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದ.

"ಟೀಚರ್," ಅಂದ.

ಅತ್ತೆ ಅನ್ನಲಿಲ್ಲ, ಅಮ್ಮ ಅನ್ನಲಿಲ್ಲ. ಆಚೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

"ಟೀಚರ್, ನಾನು ಅವತ್ತು ಎಂಟು ಅಂದಿದ್ದೆ. ಒಂಬತ್ತು ಅಂತ ಮನೆಗೆ ಹೋದ್ಮೇಲೆ ಬೆರಳು ಮಡಿಸಿ ನೋಡ್ದಾಗ ಗೊತ್ತಾಯ್ತು. ನೀವು ಸರಿ ಅಂದುಬಿಟ್ರಲ್ಲ, ಅದಕ್ಕೇ ಯಾರಿಗೂ ಹೇಳ್ಲಿಲ್ಲ. ತಿದ್ದಲಾ?"

ನನಗೆ ಕಣ್ಣು ತುಂಬಿ ಪರದೆಯ ಅಕ್ಷರ ಮಂಜಾಯಿತು.

"ಗೊತ್ತು, ಸಿತುಮಾ," ಅಂದಳು ಪ್ರಿಸ್ಕಾ. "ಅವತ್ತೇ ಗೊತ್ತಿತ್ತು. ಒಂಬತ್ತು ಅಂತ್ಲೇ ಇರ್ಲಿ, ಕಳಿಸು."